ಜೆರಾಕ್ಸ್ ಹಾಳೆ ಹಿಡಿದು ನನ್ನ ವೆಬ್‌ಸೈಟಿಗೆ ಬಂದವರು

ಧಾರವಾಡದ ಸಪ್ತಾಪುರ ಗೊತ್ತಲ್ವಾ? ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಅಂತ ಸರ್ಕಾರಿ ನೌಕರಿ ಪರೀಕ್ಷೆಗಳಿಗೆ ಓದೋಕೆ ಎಲ್ಲೆಲ್ಲಿಂದಲೋ ಬಂದ ಹುಡುಗರು, ಹುಡುಗಿಯರು ಇಲ್ಲೇ ರೂಮು ಮಾಡಿಕೊಂಡಿರುತ್ತಾರೆ. ನಾನೂ ಹಾಗೇ ಬಂದವನು. ನೌಕರಿ ಸಿಗಲಿಲ್ಲ. ಆದರೆ ರೂಮಲ್ಲಿ ರಾಶಿ ಬಿದ್ದಿದ್ದ ನೋಟ್ಸ್‌ನಿಂದ ಮಾದರಿ ಪ್ರಶ್ನೆಗಳ ಒಂದು ವೆಬ್‌ಸೈಟ್ ಹುಟ್ಟಿಕೊಂಡಿತು.

ಮೊದಲ ವರ್ಷ ಗೂಗಲ್ ಸರ್ಚಿನಿಂದಲೇ ಜನ ಬರ್ತಾರೆ ಅಂತ ನಂಬಿ ಕೂತೆ. ತಲೆಬರಹದಲ್ಲಿ ಯಾವ ಪದ ಇರಬೇಕು ಅನ್ನೋದೇ ಧ್ಯಾನ. ಜನ ಬರುತ್ತಲೂ ಇದ್ದರು. ಒಂದು ವಾರ ಇದ್ದಕ್ಕಿದ್ದಂತೆ ಅರ್ಧಕ್ಕೆ ಇಳಿದರು, ಯಾಕೆ ಅಂತ ಇವತ್ತಿಗೂ ತಿಳಿದಿಲ್ಲ, ಕೇಳೋಣ ಅಂದ್ರೆ ಯಾರನ್ನ ಕೇಳೋದು? ಅವತ್ತು ಸಂಜೆ ಗಿರ್ಮಿಟ್ ತಿನ್ನುತ್ತಾ ನಿಂತಿದ್ದಾಗ ಹೊಳೆಯಿತು: ನನಗೆ ಬೇಕಾದವರೆಲ್ಲ ಇದೇ ರಸ್ತೆಯಲ್ಲಿ ನೋಟ್ಸ್ ಹಿಡಿದು ಓಡಾಡ್ತಿದ್ದಾರೆ, ನಾನು ಅವರನ್ನ ಅಮೆರಿಕಾ ಸುತ್ತಿ ಹುಡುಕ್ತಿದ್ದೀನಿ.

ಮೊದಲು ಪಾಂಪ್ಲೆಟ್ ಹಂಚಿದೆ. ದಂಡ. ಅದರ ಮೇಲೆ ಮಿರ್ಚಿ ಇಟ್ಕೊಂಡು ತಿಂದರು.

ಆಮೇಲೆ ಜಾಹೀರಾತು ಬಿಟ್ಟು, ಒಂದು ಹಾಳೆಯಲ್ಲಿ ಬರೀ ಹತ್ತು ಪ್ರಶ್ನೆ ಹಾಕಿದೆ. ಉತ್ತರ, ವಿವರಣೆ ಸೈಟಿನಲ್ಲಿ. ಕೆಳಗೆ ಒಂದು ಕ್ಯೂಆರ್ ಕೋಡ್. ಪ್ರತಿಗಳ ದುಡ್ಡು ನಾನೇ ಕೊಡ್ತೀನಿ, ನೋಟ್ಸ್ ಜೆರಾಕ್ಸ್ ಮಾಡಿಸಿಕೊಂಡವರಿಗೆ ಇದನ್ನೂ ಕೊಡಿ ಅಂತ ಅಂಗಡಿಯವರಿಗೆ ಹೇಳಿದೆ. ಎರಡನೇ ದಿನವೇ ಅವರ ಫೋನು: "ಸರ, ನಿಮ್ಮ ಚೌಕ ಕರ್ರಗಾಗೇತ್ರಿ, ಮೊಬೈಲ್ ಓದವಲ್ದು."

ತಪ್ಪು ನನ್ನದೇ. ಉದ್ದನೆ ವಿಳಾಸ ಹಾಕಿದ್ದೆ. ವಿಳಾಸ ಉದ್ದವಾದಷ್ಟೂ ಕೋಡಿನ ಚುಕ್ಕೆಗಳು ಜಾಸ್ತಿ, ಸಣ್ಣ. ಜೆರಾಕ್ಸಿನ ಜೆರಾಕ್ಸ್ ಆದಾಗ ಎಲ್ಲ ಕಲೆಸಿಹೋಗಿದ್ದವು. ವಿಳಾಸ ಚಿಕ್ಕದು ಮಾಡಿದೆ, ಕೋಡನ್ನು 3 ಸೆಂಟಿಮೀಟರಿಗೆ ಹಿಗ್ಗಿಸಿದೆ, ಸುತ್ತ ಬಿಳಿ ಜಾಗ ಬಿಟ್ಟೆ. ಕೋಡ್ ತಯಾರಿಸುವಾಗ ಎಲ್, ಎಂ, ಕ್ಯೂ, ಎಚ್ ಅಂತ ನಾಲ್ಕು ಮಟ್ಟ ಇರುತ್ತವೆ. ಎಚ್ ಆರಿಸಿದರೆ ಸುಮಾರು 30% ಹಾಳಾದರೂ ಓದುತ್ತೆ. ಆಮೇಲೆ ಚಹಾ ಕಲೆ ಬಿದ್ದ ಹಾಳೆಯೂ ಓದಿತು.

ಯಾರು ಎಲ್ಲಿಂದ ಬಂದರು ಅಂತ ತಿಳಿಯೋಕೆ ಪ್ರತಿ ಜಾಗಕ್ಕೂ ವಿಳಾಸದ ತುದಿಗೆ ಬೇರೆ ಅಂಕಿ ಕೊಟ್ಟಿದ್ದೆ. 1, 2 ಜೆರಾಕ್ಸ್ ಅಂಗಡಿ, 3 ಲೈಬ್ರರಿ, 4 ಖಾನಾವಳಿ. ಲೈಬ್ರರಿಯಿಂದ ಜಾಸ್ತಿ ಬರ್ತಾರೆ ಅಂದುಕೊಂಡಿದ್ದೆ. ಗೆದ್ದಿದ್ದು ಖಾನಾವಳಿ! ರೊಟ್ಟಿ ಬರೋವರೆಗೂ ಕೈಯಲ್ಲಿ ಮೊಬೈಲ್ ಇರುತ್ತೆ, ಎದುರಿಗೆ ವಾದ ಮಾಡೋಕೆ ಗೆಳೆಯನೂ ಇರ್ತಾನೆ.

ವಾದ ಅಂದ್ರೆ ನೆನಪಾಯ್ತು. ಎಲ್ಲಕ್ಕಿಂತ ಜಾಸ್ತಿ ಓಡಿದ್ದು ಒಂದೇ ಪ್ರಶ್ನೆ: 371ಜೆ (ಕಲ್ಯಾಣ ಕರ್ನಾಟಕದವರಿಗೆ ನೌಕರಿ, ಓದಿನಲ್ಲಿ ಮೀಸಲಾತಿ ಕೊಡೋ ಸಂವಿಧಾನದ ವಿಧಿ) ಕೊಪ್ಪಳಕ್ಕಿದೆ, ಪಕ್ಕದ ಗದಗಕ್ಕೆ ಯಾಕಿಲ್ಲ? ಕೊಪ್ಪಳ ನಿಜಾಮರ ಹೈದರಾಬಾದಿನಲ್ಲಿತ್ತು, ಗದಗ ಮುಂಬೈ ಪ್ರಾಂತ್ಯದಲ್ಲಿತ್ತು, ಉತ್ತರ ಅಷ್ಟೇ. ಆದರೆ ಮೀಸಲಾತಿ ವಿಷಯ ನೋಡಿ, ಗದಗದವರು ಬಿಡ್ತಾರಾ?

ಬಂದವರನ್ನ ಉಳಿಸಿಕೊಳ್ಳೋಕೆ ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ಮಾಡಿದೆ. ಒಂದು ಪಟ್ಟಿಗೆ 256 ಜನ, ಅದೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತೆ. ನನಗೆ ಈ ಕಟ್ಟು ಒಳ್ಳೆಯದೇ ಆಯಿತು, ಬೇಕಾದವರಷ್ಟೇ ಉಳಿದರು. ಬೆಳಿಗ್ಗೆ ಒಂದು ಪ್ರಶ್ನೆ, ರಾತ್ರಿ 9ಕ್ಕೆ ಉತ್ತರದ ಲಿಂಕ್. ಬೇರೆಯವರ ಗ್ರೂಪಿಗೆ ಸುಮ್ನೆ ಲಿಂಕ್ ಎಸೆಯಬೇಡಿ. ನಾನು ಎಸೆದು ಎರಡು ಗ್ರೂಪಿನಿಂದ ಹೊರಗೆ ಬಿದ್ದಿದ್ದೀನಿ.

ಸರ್ಚಿನಿಂದ ಈಗಲೂ ಬರ್ತಾರೆ, ಒಂದು ಉತ್ತರ ನೋಡಿ ಹೋಗ್ತಾರೆ. ಹಾಳೆ ಹಿಡಿದು ಬಂದವರು ಹತ್ತೂ ನೋಡ್ತಾರೆ.

ಹೋದ ತಿಂಗಳು 4ನೇ ಅಂಕಿಯಿಂದ ಬರೋರ ಸಂಖ್ಯೆ ಇದ್ದಕ್ಕಿದ್ದಂತೆ ಏರಿತು. ಖಾನಾವಳಿಗೆ ಹೋಗಿ ಕೇಳಿದರೆ ಅಲ್ಲಿ ಹಾಳೆ ಖಾಲಿಯಾಗಿ ವಾರ ಆಗಿತ್ತು. ಗದಗದ ಹುಡುಗನೊಬ್ಬ ಊರಿಗೆ ಹೋದಾಗ ಒಯ್ದು, ಅಲ್ಲಿ ತನ್ನ ಖರ್ಚಿನಲ್ಲೇ ಪ್ರತಿ ಮಾಡಿಸಿ ಹಂಚಿದ್ದನಂತೆ. ನನ್ನ ಲೆಕ್ಕ ಕೆಟ್ಟಿತು, ಕೆಡಲಿ ಬಿಡಿ. 5 ಅಂತ ಹೊಸ ಹಾಳೆ ಮಾಡಿ ಅವನಿಗೇ ಕಳಿಸಿದೆ.