ಗೇನ್ ಕಡಿಮೆ, ಮಿಡ್ ಜಾಸ್ತಿ: ಹಳೇ ಹೆವಿ ಮೆಟಲ್ ಸದ್ದನ್ನು ನಾನು ರೆಕಾರ್ಡ್ ಮಾಡುವ ರೀತಿ

ಸ್ವೀಡನ್ನಿನ ಎನ್‌ಫೋರ್ಸರ್, ಅಮೆರಿಕದ ನೈಟ್ ಡೀಮನ್, ಕೆನಡಾದ ಸ್ಕಲ್ ಫಿಸ್ಟ್, ನಮ್ಮ ಬೆಂಗಳೂರಿನ ಕ್ರಿಪ್ಟೋಸ್. ಹಳೇ ಹೆವಿ ಮೆಟಲ್ ನುಡಿಸುವ ಈ ಕಾಲದ ಈ ತಂಡಗಳನ್ನು ಕೇಳಿ ಅದೇ ಸದ್ದು ಬೇಕೆಂದು ಕೂತವರಲ್ಲಿ ಹೆಚ್ಚಿನವರು ಮೊದಲು ಗೇನ್ (ಡಿಸ್ಟಾರ್ಷನ್ ಅಂದರೆ ಒಡೆದ ಸದ್ದನ್ನು ಹೆಚ್ಚಿಸುವ) ನಾಬನ್ನು ಕೊನೆಯವರೆಗೆ ತಿರುಗಿಸುತ್ತಾರೆ. ಕೆಲಸ ಕೆಡುವುದು ಅಲ್ಲೇ. 1980ರ ಆಸುಪಾಸಿನ ಜೂಡಸ್ ಪ್ರೀಸ್ಟ್, ಐರನ್ ಮೇಡನ್, ಸ್ಯಾಕ್ಸನ್ ರೆಕಾರ್ಡುಗಳನ್ನು ಹೆಡ್‌ಫೋನಿನಲ್ಲಿ ಕೇಳಿ ನೋಡಿ: ನಮ್ಮ ನೆನಪಿನಲ್ಲಿರುವುದಕ್ಕಿಂತ ಡಿಸ್ಟಾರ್ಷನ್ ಎಷ್ಟೋ ಕಡಿಮೆ. ಕಾರ್ಡ್ ಹಿಡಿದರೆ ಒಳಗಿನ ಸ್ವರಗಳು ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತವೆ. ದಪ್ಪ ಬರುವುದು ಎಡಕ್ಕೊಂದು ಬಲಕ್ಕೊಂದು ಗಿಟಾರ್ ಇರುವುದರಿಂದ, ಕೆಳಗೆ ಬೇಸ್ ತನ್ನ ಜಾಗದಲ್ಲಿ ನಿಂತಿರುವುದರಿಂದ.

ನಾನು ಬಳಸುವ ಜೋಡಣೆ ಸರಳ. ಬ್ರಿಜ್ ಬಳಿ ಹಂಬಕರ್ (ಎರಡು ಸುರುಳಿಯ ಪಿಕಪ್) ಇರುವ ಗಿಟಾರ್, 9-42 ಅಥವಾ 10-46 ದಪ್ಪದ ತಂತಿ, ಇ ಸ್ಟ್ಯಾಂಡರ್ಡ್ ಟ್ಯೂನಿಂಗ್. ಶ್ರುತಿ ಇಳಿಸಿದರೆ ಆಧುನಿಕ ಮೆಟಲ್‌ನ ಭಾರ ಬರುತ್ತದೆ, ಈ ಶೈಲಿಯ ಹೊಳಪು ಹೋಗುತ್ತದೆ. ಮುಂದೆ ಟ್ಯೂಬ್ ಸ್ಕ್ರೀಮರ್ ಪೆಡಲ್: ಡ್ರೈವ್ ಸೊನ್ನೆ, ಟೋನ್ ನಡುವಿನಲ್ಲಿ, ಲೆವೆಲ್ ಪೂರ್ತಿ. ಈ ಪೆಡಲ್ ಸುಮಾರು 720 ಹರ್ಟ್ಸ್ ಬಳಿ ಉಬ್ಬು ಕೊಟ್ಟು ಅದರ ಕೆಳಗಿನದನ್ನು ಕತ್ತರಿಸುತ್ತದೆ, ಹಾಗಾಗಿ ಪಾಮ್ ಮ್ಯೂಟ್ ಮಾಡಿದಾಗ (ಅಂಗೈ ಅಂಚಿನಿಂದ ತಂತಿ ಅದುಮಿ ನುಡಿಸಿದಾಗ) ಸದ್ದು ಮುದ್ದೆಯಾಗುವುದಿಲ್ಲ. ಆಂಪ್ ಮಾರ್ಷಲ್ ಜೆಸಿಎಂ800 ಮಾದರಿಯದು. ಪ್ರೀಆಂಪ್ 5ರಿಂದ 6, ಬೇಸ್ 4, ಮಿಡಲ್ 7, ಟ್ರೆಬಲ್ 6, ಪ್ರೆಸೆನ್ಸ್ 5. ಮಿಡಲ್, ಅಂದರೆ ನಡುವಿನ ಕಂಪನಗಳನ್ನು, ಇಳಿಸಬೇಡಿ. ಒಬ್ಬರೇ ಕೂತು ನುಡಿಸುವಾಗ ಮಿಡ್ ಕಡಿಮೆಯಾದ ಗಿಟಾರ್ ದೊಡ್ಡದಾಗಿ ಕೇಳಿಸುತ್ತದೆ, ಡ್ರಮ್ಸ್ ಸೇರಿದ ಕೂಡಲೇ ಮಾಯವಾಗುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಈ ಆಂಪನ್ನು ಬೇಕಾದಷ್ಟು ಜೋರಾಗಿ ಹಾಕಲಾಗದು. ಲೋಡ್ ಬಾಕ್ಸ್ (ಸ್ಪೀಕರ್ ಬದಲು ಆಂಪಿಗೆ ಜೋಡಿಸುವ ಪೆಟ್ಟಿಗೆ) ಅಥವಾ ಒಳ್ಳೆಯ ಆಂಪ್ ಸಿಮ್ಯುಲೇಟರ್ ಜೊತೆ ಗ್ರೀನ್‌ಬ್ಯಾಕ್ ಸ್ಪೀಕರಿನ ಕ್ಯಾಬಿನೆಟ್ಟಿನ ಇಂಪಲ್ಸ್ ಫೈಲ್ (ಅದರ ಸದ್ದಿನ ಡಿಜಿಟಲ್ ಅಚ್ಚು) ಹಾಕಿದರೆ ಸಾಕು. ನಿಜವಾದ ಕ್ಯಾಬಿನೆಟ್ ಸಿಕ್ಕರೆ ಒಂದೇ ಎಸ್‌ಎಂ57 ಮೈಕನ್ನು ಗ್ರಿಲ್‌ನಿಂದ 2-3 ಸೆಂ.ಮೀ. ದೂರದಲ್ಲಿ, ಸ್ಪೀಕರಿನ ನಡುವಿನ ಟೋಪಿಯ ಅಂಚಿಗೆ ಇಡುತ್ತೇನೆ. ನಟ್ಟ ನಡುವೆ ಇಟ್ಟರೆ ಚುಚ್ಚುತ್ತದೆ, ಹೊರಕ್ಕೆ ಸರಿದಷ್ಟೂ ಮಂಕಾಗುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ನಡೆಸಿ ನೋಡಿ; ಅರ್ಥಿಂಗ್ ಸರಿಯಿಲ್ಲದ ಮನೆಗಳಲ್ಲಿ ಗುಂಯ್ ಸದ್ದು ಎಷ್ಟೋ ಬಾರಿ ಅಲ್ಲಿಂದಲೇ ಬರುತ್ತದೆ.

ರಿದಮ್ ಎರಡೇ ಟ್ರ್ಯಾಕ್, ಎರಡನ್ನೂ ಬೇರೆಬೇರೆಯಾಗಿ ನುಡಿಸಬೇಕು. ಒಂದನ್ನೇ ನಕಲು ಮಾಡಿ ಎಡಬಲಕ್ಕೆ ತಳ್ಳಿದರೆ ಅದು ನಡುವಿನಲ್ಲೇ ಉಳಿಯುತ್ತದೆ. ನಾಲ್ಕು ಟ್ರ್ಯಾಕ್ ಹಾಕಿದರೆ ಗ್ಯಾಲಪ್ (ಕುದುರೆ ಓಟದ) ಲಯದ ಅಂಚು ಸವೆಯುತ್ತದೆ: ಅರ್ಧ ಬೀಟ್‌ನ ಒಂದು ಸ್ವರ, ಕಾಲು ಬೀಟ್‌ನ ಎರಡು ಸ್ವರ, ಇವುಗಳ ನಡುವಿನ ಸಣ್ಣ ಮೌನವೇ ಆ ಓಟಕ್ಕೆ ಜೀವ.

ಈ ಶೈಲಿಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಜೋಡಿ ಗಿಟಾರಿನ ಹಾರ್ಮನಿ. ಎಪ್ಪತ್ತರ ದಶಕದ ರಾಕ್ ತಂಡಗಳಾದ ವಿಶ್‌ಬೋನ್ ಆಶ್, ಥಿನ್ ಲಿಝಿಗಳಿಂದ ಮೆಟಲ್‌ಗೆ ಬಂದ ಆಸ್ತಿ ಇದು. ಇಲ್ಲಿ ಅವಸರ ಮಾಡುವವರು ಪಿಚ್ ಶಿಫ್ಟರ್ (ಸ್ವರ ಏರಿಸುವ) ಪೆಡಲನ್ನು ಮೂರು ಸೆಮಿಟೋನ್ (ಒಂದೊಂದು ಫ್ರೆಟ್‌ನಷ್ಟು) ಮೇಲಕ್ಕೆ ಇಟ್ಟು ನುಡಿಸಿಬಿಡುತ್ತಾರೆ. ಇ ಮೈನರಿನಲ್ಲಿ ಇ, ಎಫ್ ಶಾರ್ಪ್, ಜಿ, ಎ, ಬಿ ಎಂಬ ಸಾಲು ತೆಗೆದುಕೊಳ್ಳಿ. ಮೇಲಿನ ಗಿಟಾರ್ ಜಿ, ಎ, ಬಿ, ಸಿ, ಡಿ ನುಡಿಸಬೇಕು. ಅಂತರ ಹೆಚ್ಚಿನ ಕಡೆ ಮೂರು ಸೆಮಿಟೋನ್, ಜಿಯಿಂದ ಬಿಗೆ ಮಾತ್ರ ನಾಲ್ಕು. ಮೂರನ್ನೇ ಹಿಡಿದು ಕೂತರೆ ಅಲ್ಲಿ ಬಿ ಫ್ಲಾಟ್ ಬಂದು ರಾಗವೇ ಅಪಸ್ವರವಾಗುತ್ತದೆ. ತಂತಿ ಎಳೆದು ಬೆಂಡ್ ಮಾಡುವಾಗ ಇನ್ನೂ ಸೂಕ್ಷ್ಮ: ಕೆಳಗಿನವರು ಎಫ್ ಶಾರ್ಪನ್ನು ಜಿಗೆ ಅರ್ಧ ಟೋನ್ ಎಳೆದರೆ, ಮೇಲಿನವರು ಎಯನ್ನು ಬಿಗೆ ಪೂರ್ತಿ ಒಂದು ಟೋನ್ ಎಳೆದು ಇಬ್ಬರೂ ಒಟ್ಟಿಗೆ ತಲುಪಬೇಕು. ಕೈ ಅಲುಗಿಸುವ ವೈಬ್ರೇಟೋ ವೇಗವೂ ಒಂದಾಗಿರಬೇಕು. ಇದಕ್ಕೆ ಎದುರುಬದುರು ಕೂತು, ಆಂಪ್ ಆಫ್ ಮಾಡಿ, ನಿಧಾನವಾಗಿ ಅಭ್ಯಾಸ ಮಾಡುವುದು ಬಿಟ್ಟರೆ ಬೇರೆ ದಾರಿ ನನಗೆ ಗೊತ್ತಿಲ್ಲ.

ಎರಡೂ ಸ್ವರಗಳನ್ನು ಒಂದೇ ಆಂಪಿಗೆ ಕಳಿಸಬೇಡಿ. ನಮ್ಮ ಫ್ರೆಟ್‌ಗಳ ಮೇಜರ್ ಥರ್ಡ್ (ನಾಲ್ಕು ಸೆಮಿಟೋನ್ ಅಂತರ) ಶುದ್ಧ ಅಂತರಕ್ಕಿಂತ ಸುಮಾರು 14 ಸೆಂಟ್ (ಸೆಮಿಟೋನಿನ ನೂರನೇ ಒಂದು ಭಾಗವೇ ಒಂದು ಸೆಂಟ್) ಅಗಲ. ಡಿಸ್ಟಾರ್ಷನ್ ಒಳಗೆ ಎರಡೂ ಬೆರೆತರೆ ಆ ವ್ಯತ್ಯಾಸ ಗೊರಗೊರ ಎನ್ನುವ ಮಿಡಿತವಾಗಿ ಎದ್ದು ಕಾಣುತ್ತದೆ. ಬೇರೆ ಟ್ರ್ಯಾಕ್, ಬೇರೆ ಆಂಪ್ ಆದರೆ ಎರಡೂ ಗಾಳಿಯಲ್ಲಿ ಮಾತ್ರ ಸೇರುತ್ತವೆ. ನೈಟ್ ಡೀಮನ್‌ನಂಥ ಮೂವರ ತಂಡವಾದರೆ ವೇದಿಕೆಯ ಮೇಲೆ ಈ ಜೋಡಿ ಇರುವುದಿಲ್ಲ. ಬೇಸ್ ಆ ಜಾಗ ತುಂಬುವಂತೆ ಹಾಡನ್ನು ಮೊದಲೇ ಹೊಂದಿಸಬೇಕು.

ಬೇಸ್ ಬೆರಳಲ್ಲೇ. ಐರನ್ ಮೇಡನ್‌ನ ಬೇಸ್ ವಾದಕ ಸ್ಟೀವ್ ಹ್ಯಾರಿಸ್ ಅವರ ಖಣಖಣ ಸದ್ದು ಬೇಕಿದ್ದರೆ ಫ್ಲಾಟ್‌ವೌಂಡ್ (ನುಣುಪಾದ ಸುತ್ತಿನ) ತಂತಿ, ಜೋರಾದ ಬೆರಳು. ಗಿಟಾರುಗಳನ್ನು 90 ಹರ್ಟ್ಸ್ ಕೆಳಗೆ ಕತ್ತರಿಸಿ ಆ ಜಾಗ ಬೇಸಿಗೆ ಬಿಡುತ್ತೇನೆ.

ಡ್ರಮ್ಸಿನಲ್ಲಿ ನಿಜವಾದ ಹೊಡೆತದ ಬದಲು ಸ್ಯಾಂಪಲ್ ಕೂರಿಸುವುದಿಲ್ಲ, ಹೊಡೆತಗಳನ್ನು ಕಂಪ್ಯೂಟರಿನ ಲಯದ ಗ್ರಿಡ್‌ಗೆ ಎಳೆಯುವುದಿಲ್ಲ. ಕ್ಲಿಕ್ (ಲಯ ತೋರಿಸುವ ಟಿಕ್ ಟಿಕ್) ಇಟ್ಟರೂ ಕೋರಸ್‌ನಲ್ಲಿ 2-3 ಬಿಪಿಎಂ (ನಿಮಿಷಕ್ಕೆ ಇಷ್ಟು ಬೀಟ್) ಏರುವಂತೆ ಟೆಂಪೋ ಬರೆಯುತ್ತೇನೆ. ಮನುಷ್ಯರು ಹುರುಪಿನಲ್ಲಿ ಹಾಗೆಯೇ ನುಡಿಸುತ್ತಾರೆ. ಪೂರ್ತಿ ಟೇಕ್‌ಗಳನ್ನು ತೆಗೆದು, ಚೆನ್ನಾಗಿ ಬಂದ ಭಾಗಗಳನ್ನು ಜೋಡಿಸಿದರೆ ಸಾಕು.

ಹಾಡುವವರಿಗೆ ಜೂಡಸ್ ಪ್ರೀಸ್ಟ್‌ನ ಗಾಯಕ ಹ್ಯಾಲ್‌ಫೋರ್ಡ್ ಏರುವಷ್ಟು ಎತ್ತರ ಸಿಗದಿದ್ದರೆ ಹೆದರಬೇಕಿಲ್ಲ. 1998ರಲ್ಲಿ ಶುರುವಾದ ಕ್ರಿಪ್ಟೋಸ್ ತಂಡದ್ದು ಒರಟು ಗಂಟಲು. 2016ರ 'ಬರ್ನ್ ಅಪ್ ದಿ ನೈಟ್' ಆಲ್ಬಮ್ಮಿನಲ್ಲಿ ಗಿಟಾರುಗಳೇ ಹಳೆಯ ಮೆಟಲ್‌ನ ಕೆಲಸವನ್ನೆಲ್ಲ ಹೊತ್ತಿವೆ. ಧ್ವನಿಗೆ ಪ್ಲೇಟ್ ರಿವರ್ಬ್ ಸುಮಾರು 2 ಸೆಕೆಂಡ್, ಪ್ರೀಡಿಲೇ (ರಿವರ್ಬ್ ಶುರುವಾಗುವ ಮುಂಚಿನ ಬಿಡುವು) 40 ಮಿಲಿಸೆಕೆಂಡ್. ಡಿಲೇಯನ್ನು ಲೆಕ್ಕ ಹಾಕಿ ಇಡಿ: 160 ಬಿಪಿಎಂ ಹಾಡಿಗೆ 60,000ವನ್ನು 160ರಿಂದ ಭಾಗಿಸಿದರೆ ಒಂದು ಬೀಟ್‌ಗೆ 375 ಮಿಲಿಸೆಕೆಂಡ್.

ಮಾಸ್ಟರಿಂಗ್‌ನಲ್ಲಿ ಸದ್ದನ್ನು ಹಿಂಡಬೇಡಿ. ನಾನು -11 ಎಲ್‌ಯುಎಫ್‌ಎಸ್ (ಹಾಡಿನ ಒಟ್ಟು ಜೋರಿನ ಅಳತೆ) ಆಸುಪಾಸಿಗೆ ನಿಲ್ಲಿಸುತ್ತೇನೆ. ಸ್ಪಾಟಿಫೈ ಹೇಗೂ -14ಕ್ಕೆ ಇಳಿಸುತ್ತದೆ, ಹಿಂಡಿದ್ದರಿಂದ ಸಿಗುವುದು ಸತ್ತ ಸ್ನೇರ್ ಮಾತ್ರ. ವಿನೈಲ್ ತರುವ ಯೋಚನೆಯಿದ್ದರೆ ಒಂದು ಬದಿಗೆ 20 ನಿಮಿಷ ದಾಟಿಸಬೇಡಿ, ಬೇಸನ್ನು ಮೋನೋ (ಎಡಬಲ ಎರಡರಲ್ಲೂ ಒಂದೇ) ಮಾಡಿ. ಸಿಂಬಲ್ ಹೆಚ್ಚಿರುವ ವೇಗದ ಹಾಡುಗಳನ್ನು ಬದಿಯ ಮೊದಲಿಗೆ, ನಿಧಾನದ ಹಾಡನ್ನು ಕೊನೆಗೆ ಇಡಿ. ಸೂಜಿ ಒಳಕ್ಕೆ ಸರಿದಷ್ಟೂ ಟ್ರೆಬಲ್ ಕಳೆದುಹೋಗುತ್ತದೆ.