ಕ್ಲೈಮ್ ಹಾಕುವ ಮುನ್ನ ನಾನು ಮಾಡುವ ಲೆಕ್ಕ

ಕಾರಿಗೆ ಪೆಟ್ಟು ಬಿದ್ದಾಗ ಮೊದಲು ಫೋಟೊ ತೆಗೆದುಕೊಳ್ಳುತ್ತೇನೆ: ನಂಬರ್ ಪ್ಲೇಟ್ ಕಾಣುವಂತೆ ಇಡೀ ಗಾಡಿ, ಆಮೇಲೆ ಪೆಟ್ಟಾದ ಜಾಗ ಹತ್ತಿರದಿಂದ. ಯಾರಿಗಾದರೂ ಗಾಯವಾಗಿದ್ದರೆ ಪೊಲೀಸರಿಗೆ ತಿಳಿಸಲೇಬೇಕು. ಗ್ಯಾರೇಜಿನಲ್ಲಿ ರಿಪೇರಿಯ ಎಸ್ಟಿಮೇಟ್ ಅದೇ ದಿನ ಬರೆಸಿ ಕಂಪನಿಗೆ ತಿಳಿಸುತ್ತೇನೆ, ಏಕೆಂದರೆ ತಡವಾಗಿ ತಿಳಿಸಿದರೆ ವಿಮಾ ಕಂಪನಿ ಪ್ರಶ್ನೆ ಎತ್ತುತ್ತದೆ.

ಎಸ್ಟಿಮೇಟಿನಲ್ಲಿ ಬಿಡಿಭಾಗ, ಕೂಲಿ, ಪೇಂಟಿಂಗ್ ಬೇರೆ ಬೇರೆ ಇರಬೇಕು. ಮೂರೂವರೆ ವರ್ಷದ, 1200 ಸಿಸಿ ಕಾರು ಎಂದುಕೊಳ್ಳಿ. ಬಂಪರ್ 8,000, ಬಾನೆಟ್ 10,000, ಪೇಂಟಿಂಗ್ 12,000. ಒಟ್ಟು 30,000 ರೂಪಾಯಿ. ಭಾಗ ಹಳೆಯದಾಗಿದೆ ಎಂದು ಕಂಪನಿ ಕಳೆಯುವ ಪಾಲೇ ಸವಕಳಿ. ಪ್ಲಾಸ್ಟಿಕ್ಕಿಗೆ ಅದು 50%, ಹಾಗಾಗಿ ಬಂಪರಿನಲ್ಲಿ 4,000 ಹೋಯಿತು. ಮೂರರಿಂದ ನಾಲ್ಕು ವರ್ಷದ ಗಾಡಿಯ ಲೋಹದ ಭಾಗಕ್ಕೆ 25%, ಅಂದರೆ 2,500. ಪೇಂಟಿಂಗ್ ಬಿಲ್ಲಿನ ಕಾಲು ಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ: 1,500. ಕೊನೆಗೆ ಕಡ್ಡಾಯ ಡಿಡಕ್ಟಿಬಲ್, ಅಂದರೆ ಪ್ರತಿ ಕ್ಲೈಮಿನಲ್ಲೂ ನಾವೇ ಭರಿಸಬೇಕಾದ ಮೊತ್ತ. 1500 ಸಿಸಿವರೆಗೆ 1,000, ಅದಕ್ಕಿಂತ ದೊಡ್ಡ ಎಂಜಿನ್ನಿಗೆ 2,000. ಕೈಯಿಂದ 9,000 ಕೊಡಬೇಕು, ಕಂಪನಿಯಿಂದ 21,000 ಬರುತ್ತದೆ. ಗಾಜಿಗೆ ಸವಕಳಿ ಇಲ್ಲ. ಜೀರೊ ಡೆಪ್ (ಸವಕಳಿ ಕಳೆಯದ ಹೆಚ್ಚುವರಿ ಕವರ್) ಇದ್ದರೆ ಸವಕಳಿಯ ದುಡ್ಡು ಕೈಯಿಂದ ಹೋಗುವುದಿಲ್ಲ, ಡಿಡಕ್ಟಿಬಲ್ ಮಾತ್ರ ಕೊಡಲೇಬೇಕು. ಪ್ರೀಮಿಯಂ ಇಳಿಸಲು ಸ್ವಇಚ್ಛೆಯ ಡಿಡಕ್ಟಿಬಲ್ ಒಪ್ಪಿದ್ದರೆ ಅದೂ ಇದರ ಮೇಲೆ ಸೇರುತ್ತದೆ. ಗ್ಯಾರೇಜಿನಲ್ಲಿ ಜಗಳವಾಗುವುದು ಹೆಚ್ಚಾಗಿ ಇಲ್ಲೇ.

ಇನ್ನು ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಬಹಳ ಜನ ಮುಂದಿನ ವರ್ಷದ್ದನ್ನಷ್ಟೇ ಎಣಿಸುತ್ತಾರೆ, ಅದು ಸಾಲದು. ಈಗ 35% ಇದೆ, ಸ್ವಂತ ಹಾನಿಯ (ನಮ್ಮ ಗಾಡಿಗೆ ಆಗುವ ಪೆಟ್ಟಿನ) ಪ್ರೀಮಿಯಂ 10,000 ಎನ್ನಿ. ಕ್ಲೈಮ್ ಇಲ್ಲದಿದ್ದರೆ ಮುಂದಕ್ಕೆ 45, ಆಮೇಲೆ ಪ್ರತಿ ವರ್ಷ 50. ಕ್ಲೈಮ್ ಮಾಡಿದರೆ 0, 20, 25, 35, 45. ಐದು ವರ್ಷದ ವ್ಯತ್ಯಾಸ 12,000 ಆಗುತ್ತದೆ. ಗಾಡಿ ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ನಿಜದ ನಷ್ಟ ಸ್ವಲ್ಪ ಕಡಿಮೆ. ಈ 21,000ಕ್ಕೆ ಕ್ಲೈಮ್ ಹಾಕುತ್ತೇನೆ. ಕೈಗೆ ಬರುವುದು ಏಳೆಂಟು ಸಾವಿರವೇ ಆದರೆ ಸ್ವಂತ ಖರ್ಚಿನಲ್ಲೇ ಮಾಡಿಸುವುದು ವಾಸಿ.

ಬೇರೆ ಬೇರೆ ದಿನದ ಎರಡು ಪೆಟ್ಟನ್ನು ಒಂದೇ ಕ್ಲೈಮಿಗೆ ಸೇರಿಸಲು ಕೆಲವು ಗ್ಯಾರೇಜಿನವರು ಹೇಳುತ್ತಾರೆ. ಒಪ್ಪಬೇಡಿ. ತುಕ್ಕು, ಗೀರಿನ ದಿಕ್ಕು ನೋಡಿದರೆ ಹಾನಿ ಪರಿಶೀಲಿಸಲು ಬರುವ ಸರ್ವೇಯರ್‌ಗೆ ಗೊತ್ತಾಗುತ್ತದೆ. ಪ್ರತಿ ಘಟನೆಗೂ ಬೇರೆ ಕ್ಲೈಮ್, ಬೇರೆ ಡಿಡಕ್ಟಿಬಲ್.

ಸರ್ವೇಯರ್ ನೋಡುವವರೆಗೆ ಏನನ್ನೂ ಬಿಚ್ಚಿಸುವುದಿಲ್ಲ. ಬಂಪರ್ ತೆಗೆದಾಗ ರೇಡಿಯೇಟರ್ ಸೋರುವುದು ಕಂಡರೆ ಕೆಲಸ ನಿಲ್ಲಿಸಿ, ಫೋಟೊ ಕಳಿಸಿ, ಹೆಚ್ಚುವರಿ ಎಸ್ಟಿಮೇಟಿಗೆ ಒಪ್ಪಿಗೆ ಪಡೆಯಬೇಕು. ಹೊಸ ಭಾಗ ಜೋಡಿಸಿದ ಮೇಲೆ ಕೇಳಿದರೆ ಆ ದುಡ್ಡು ಬರುವುದು ಕಷ್ಟ. ಕಳಚಿದ ಹಳೆಯ ಭಾಗಗಳನ್ನು ಬಿಲ್ ಇತ್ಯರ್ಥವಾಗುವವರೆಗೆ ಗ್ಯಾರೇಜಿನಲ್ಲೇ ಇಡಿಸಿ.