ಡಬ್ಬಿ ಮುಚ್ಚಿ ಒಂದು ತಿಂಗಳು ಕಾದ ಮೇಲೆ ಸಿಕ್ಕ ಯುರೇನಿಯಂ

ಗಾಮಾ ಕಿರಣ ಎಣಿಸುವ ಎರಡು ಇಂಚಿನ ಸೋಡಿಯಂ ಅಯೊಡೈಡ್ ಕ್ರಿಸ್ಟಲ್ ಇಟ್ಟುಕೊಂಡು ಕಲ್ಲಿನ ಪುಡಿಯಲ್ಲಿರೋ ನಾಲ್ಕೈದು ಪಿಪಿಎಂ (ಹತ್ತು ಲಕ್ಷದಲ್ಲಿ ನಾಲ್ಕೈದು ಪಾಲು) ಯುರೇನಿಯಂ ಅಳೆಯೋದು ಆಗದ ಮಾತು ಅಂತ ಜೊತೆಗಾರರೆಲ್ಲ ಹೇಳಿದ್ದರು. ಈಗ ಅಳೆಯುತ್ತಿದ್ದೇನೆ. ಪುಡಿ ತುಂಬಿದ ಒಂದೇ ಡಬ್ಬಿಯನ್ನು ಮೂರು ಸಲ ಇಟ್ಟರೂ ಹೆಚ್ಚುಕಮ್ಮಿ ಅದೇ ಅಂಕಿ ಬರುತ್ತದೆ.

ಮೊದಲು ದುಡ್ಡೆಲ್ಲ ಸೀಸದ ಇಟ್ಟಿಗೆಗೆ ಹೋಯಿತು. ಸುತ್ತಲಿಂದ ಬರುವ ಹಿನ್ನೆಲೆ ಕೌಂಟ್ ಇಳಿಯಿತು, ನಿಜ. ಪೊಟ್ಯಾಸಿಯಂನ 1460, ಥೋರಿಯಂನ 2614 ಪೀಕ್‌ಗಳು (ಅಂಕಿ ಅಂದರೆ ಗಾಮಾ ಕಿರಣದ ಶಕ್ತಿ, ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ) ಚೆನ್ನಾಗಿಯೇ ಎದ್ದು ನಿಂತವು. ಯುರೇನಿಯಂ ಮಾತ್ರ ಕೈಕೊಡುತ್ತಿತ್ತು. ಒಂದು ಗಂಟೆ ಎಣಿಸಿದರೆ ಬರೀ ಗದ್ದಲ, ಇಡೀ ದಿನ ಎಣಿಸಿದರೆ ನಾಲ್ಕರ ಆಸುಪಾಸು. ಸರಿಯೋ ತಪ್ಪೋ ನೋಡೋಣ ಅಂತ ಅದೇ ಗ್ರಾನೈಟ್ ಪುಡಿಯನ್ನು ಒಂದು ಲ್ಯಾಬ್‌ಗೆ ಕಳಿಸಿದೆ. ಅವರದ್ದು ಮೂರು! ಆಸಿಡ್‌ನಲ್ಲಿ ಕರಗಿಸಿದ್ದರು. ಗ್ರಾನೈಟ್‌ನೊಳಗಿನ ಜಿರ್ಕಾನ್ ಅನ್ನೋ ಖನಿಜ ಅಷ್ಟು ಸುಲಭಕ್ಕೆ ಕರಗಲ್ಲ, ಅದರೊಳಗಿನ ಯುರೇನಿಯಂ ತಳದಲ್ಲೇ ಉಳಿದಿತ್ತು. ಮತ್ತೆ ದುಡ್ಡು ಕೊಟ್ಟು ಲಿಥಿಯಂ ಬೋರೇಟ್ ಹಾಕಿ ಕರಗಿಸಿ ಮಾಡಿಸಿದಾಗ ಐದರ ಹತ್ತಿರ ಬಂತು.

ಹಾಗಾದರೆ ನನ್ನ ಒಂದು ಪಿಪಿಎಂ ಎಲ್ಲಿ ಹೋಯಿತು? ನಾವು ನೋಡೋದು ಯುರೇನಿಯಂ ಹಂತ ಹಂತವಾಗಿ ಕ್ಷಯಿಸಿ ಹುಟ್ಟುವ ಬಿಸ್ಮತ್-214 ರ 1764 ಪೀಕ್ ಅಲ್ವಾ, ಆ ಸಾಲಿನಲ್ಲಿ ಅದಕ್ಕೂ ಮೊದಲು ರೇಡಾನ್ ಬರುತ್ತದೆ, ಅದು ಅನಿಲ, ನನ್ನ ಪ್ಲಾಸ್ಟಿಕ್ ಡಬ್ಬಿಯ ತಿರುಪು ಮುಚ್ಚಳದಿಂದ ಸುಮ್ನೆ ಸೋರಿ ಹೋಗುತ್ತಿತ್ತು. ತಗಡಿನ ಡಬ್ಬಿ ತಂದು, ಪುಡಿಯನ್ನು ಬಾಯಿವರೆಗೂ ಕುಟ್ಟಿ ಕುಟ್ಟಿ ತುಂಬಿ, ಮುಚ್ಚಳ ಮೆತ್ತಿ, ಒಳಗೆ ರೇಡಾನ್ ಮತ್ತೆ ತುಂಬಿಕೊಳ್ಳಲಿ ಅಂತ ನಾಲ್ಕು ವಾರ ಮುಟ್ಟದೆ ಇಟ್ಟೆ. ಮುಚ್ಚಳಕ್ಕೆ ಏನು ಮೆತ್ತಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ತುಂಬಿದ ದಿನವೇ ಒಮ್ಮೆ ಎಣಿಸಿದ್ದೆ. ತಿಂಗಳಾದ ಮೇಲೆ ಅದೇ ಡಬ್ಬಿಯಲ್ಲಿ 1764 ರ ಕೌಂಟ್ ಸುಮಾರು ಕಾಲು ಭಾಗ ಜಾಸ್ತಿ, ಪೊಟ್ಯಾಸಿಯಂ ಇದ್ದ ಹಾಗೇ ಇತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಈ ನಡುವೆ ಮಳೆ ನಿಂತ ತಕ್ಷಣ ಬಂಡೆ ಮೇಲೆ ಯಂತ್ರ ಇಟ್ಟು ನೋಡಿದ್ದೂ ಉಂಟು. ಯುರೇನಿಯಂ ಹೆಚ್ಚುಕಡಿಮೆ ಒಂದೂವರೆ ಪಟ್ಟು ತೋರಿಸಿತು, ಥೋರಿಯಂ ಕದಲಲಿಲ್ಲ. ಮಳೆ ಗಾಳಿಯಿಂದ ಇಳಿಸಿದ ರೇಡಾನ್ ಮರಿಗಳು ಅವು, ಅಂದರೆ ರೇಡಾನ್ ಕ್ಷಯಿಸಿ ಹುಟ್ಟಿದ ಬಿಸ್ಮತ್-214 ಥರದವು. ಮೂರು ಗಂಟೆ ಕಾದೆ, ಹೋದವು. ಬಿಸಿಲಲ್ಲಿ ಪೀಕ್ ಜಾರುವುದು ಇನ್ನೊಂದು ಕಾಟ. ಕ್ರಿಸ್ಟಲ್‌ಗೆ ದಪ್ಪ ಕಂಬಳಿ ಸುತ್ತಿ, ಗಂಟೆಗೊಮ್ಮೆ 1460 ಎಲ್ಲಿದೆ ಅಂತ ನೋಡಿಕೊಳ್ಳುತ್ತೇನೆ.

ಈಗ ಹೊಳೆ ಮರಳಿನ ಹನ್ನೊಂದು ಡಬ್ಬಿ ಕಪಾಟಿನಲ್ಲಿವೆ. ಎರಡನೇ ವಾರ ನಡೀತಿದೆ.